ಔಷಧ ಅಂಗಡಿಯ ನಿಯಮಗಳು: ಬ್ಯಾಚ್ ಸಂಖ್ಯೆ ಮತ್ತು ರಸೀದಿಯ ಮಹತ್ವ

(ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಆಶಾ ಕಾರ್ಯಕರ್ತೆಯರ ತಿಳಿವಳಿಕೆಗಾಗಿ)

ವೇಮಗಲ್ ಹೋಬಳಿಯ ಹಳ್ಳಿಗಳಲ್ಲಿ ಜ್ವರ ಬಂದವರು ಹಲವು ಬಾರಿ ವೈದ್ಯರಿಗಿಂತ ಮೊದಲು ಔಷಧ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೂ, ಡೇರಿಗೆ ಹಾಲು ಹಾಕಿ ಬರುವ ರೈತರಿಗೂ ಅದೇ ಹತ್ತಿರದ ಆಸರೆ. ಆದುದರಿಂದ ಅಲ್ಲಿ ಪಾಲನೆಯಾಗಬೇಕಾದ ನಿಯಮಗಳನ್ನು ಕೊಳ್ಳುವವರೂ ಅರಿತಿರುವುದು ಅಗತ್ಯ.

ವೃದ್ಧಾಪ್ಯ ವೇತನದ ಸಲುವಾಗಿ ಕಚೇರಿಗೆ ಬಂದಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ನಾಲ್ಕು ಮಾತ್ರೆಗಳನ್ನು ತೆಗೆದು, "ಇದು ಬಿಪಿದೋ ಸಕ್ಕರೆ ಕಾಯಿಲೆದೋ ಸ್ವಲ್ಪ ನೋಡಪ್ಪ" ಎಂದರು. ಸ್ಟ್ರಿಪ್ ಕತ್ತರಿಸಿದ್ದರಿಂದ ಔಷಧದ ಹೆಸರು ಅರ್ಧ ಮಾತ್ರ ಉಳಿದಿತ್ತು. ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಅಂಗಡಿಯಲ್ಲೇ ಉಳಿದುಹೋಗಿದ್ದವು. ರಸೀದಿಯೂ ಇರಲಿಲ್ಲ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದಲ್ಲದೆ ನನಗೆ ಬೇರೆ ದಾರಿ ಕಾಣಲಿಲ್ಲ.

ಚರಂಡಿ ಕಾಮಗಾರಿಗೆ ತರಿಸುವ ಸಿಮೆಂಟ್ ಚೀಲದ ಮೇಲೆ ತಯಾರಿಕೆಯ ವಾರ ಮತ್ತು ವರ್ಷವನ್ನು ನೋಡದೆ ನಾವು ಕಾಂಕ್ರೀಟ್ ಹಾಕಲು ಬಿಡುವುದಿಲ್ಲ. ದೇಹಕ್ಕೆ ಸೇರುವ ಮಾತ್ರೆಯ ವಿಷಯದಲ್ಲಿ ಅಷ್ಟು ಎಚ್ಚರವೂ ಇಲ್ಲದಿರುವುದು ವಿಚಿತ್ರ. ಒಂದೇ ಬಾರಿಗೆ ತಯಾರಾದ ಔಷಧದ ಗುರುತೇ ಬ್ಯಾಚ್ ಸಂಖ್ಯೆ. ದೋಷ ಕಂಡುಬಂದಾಗ ಯಾವ ಸರಕನ್ನು ಹಿಂಪಡೆಯಬೇಕೆಂಬುದು ಅದರಿಂದಲೇ ತಿಳಿಯುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಮೃತಪಟ್ಟಾಗ, ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ಪ್ರಶ್ನೆಗೆ ಒಳಗಾಯಿತು. ರಾಜ್ಯ ಸರ್ಕಾರವು ಆ ತಯಾರಕರ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಆಸ್ಪತ್ರೆಯಲ್ಲಿ ದಾಸ್ತಾನು ಪುಸ್ತಕವಿರುತ್ತದೆ. ಸೆರಗಿನ ಗಂಟಿನಲ್ಲಿರುವ ನಾಲ್ಕು ಮಾತ್ರೆಗಳಿಗೆ ಯಾವ ಪುಸ್ತಕವಿದೆ?

ಆದಕಾರಣ ಬಿಡಿ ಮಾತ್ರೆ ಕೊಳ್ಳುವಾಗಲೂ ರಸೀದಿ ಕೇಳಿ ಪಡೆಯತಕ್ಕದ್ದು. ಅದರಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಮಾತ್ರೆಯ ಲಕೋಟೆಯ ಮೇಲೆ ಬರೆಸಿಕೊಳ್ಳಬೇಕು. ತಿಂಗಳು ಮತ್ತು ವರ್ಷ ಮಾತ್ರ ಮುದ್ರಿತವಾಗಿದ್ದರೆ, ಆ ತಿಂಗಳ ಕೊನೆಯ ದಿನದವರೆಗೆ ಔಷಧವನ್ನು ಬಳಸಬಹುದು ಎಂದರ್ಥ. ಔಷಧದ ಬಗ್ಗೆ ಸಂಶಯವಿದ್ದಲ್ಲಿ, 1940ರ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮದ 26ನೇ ಪ್ರಕರಣದಂತೆ, ಯಾವುದೇ ವ್ಯಕ್ತಿಯು ತಾನು ಕೊಂಡ ಔಷಧವನ್ನು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಈ ಹಕ್ಕನ್ನು ಬಲ್ಲವರು ಬಹಳ ವಿರಳ. ಕೊಂಡದ್ದಕ್ಕೆ ದಾಖಲೆಯೇ ಇಲ್ಲದವರಿಗೆ ಅದನ್ನು ಬಳಸುವುದು ಕಷ್ಟ.

ಅಂಗಡಿಯ ಪರವಾನಗಿಯು ಸಾರ್ವಜನಿಕರಿಗೆ ಕಾಣುವಂತೆ ಪ್ರದರ್ಶಿತವಾಗಿರಬೇಕು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಾಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ವಿತರಿಸಬೇಕು. ಗೋಡೆಯ ಮೇಲೆ ಪ್ರಮಾಣಪತ್ರ ತೂಗಿ, ಅದರ ಒಡೆಯರು ಬೇರೆಡೆ ಇರುವುದು ನಿಯಮಪಾಲನೆಯಲ್ಲ. ಇನ್ಸುಲಿನ್ ದಾಸ್ತಾನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ವಿದ್ಯುತ್ ಕಡಿತದ ದಿನಗಳಲ್ಲಿ ಶೀತಕ ಪೆಟ್ಟಿಗೆಯನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ.

ಕೆಲವು ಪ್ರತಿಜೀವಕಗಳು, ಕ್ಷಯದ ಔಷಧಗಳು ಮತ್ತು ನಿದ್ರೆಗೆ ಸಂಬಂಧಿಸಿದ ಮಾತ್ರೆಗಳು ಅನುಸೂಚಿ ಎಚ್1ರಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ನಿಯಮದಂತೆ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಯ್ದಿರಿಸಬೇಕು. ಚೀಟಿಯಿಲ್ಲದೆ ಇವನ್ನು ಕೊಡಲು ನಿರಾಕರಿಸುವ ಅಂಗಡಿಯವರೊಡನೆ ನಮ್ಮ ಜನ ಜಗಳಕ್ಕೆ ನಿಲ್ಲುವುದುಂಟು. ನಿರಾಕರಿಸಿದವರೇ ಸರಿ.

ಔಷಧ ಮಾರಾಟದ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ; ಅದು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಸೇರಿದ್ದು. ಆದರೆ ಗ್ರಾಮಸಭೆಯಲ್ಲಿ ಬಂದ ದೂರನ್ನು ಅವರಿಗೆ ರವಾನಿಸಬಹುದು. ದೂರಿನೊಂದಿಗೆ ರಸೀದಿಯ ಪ್ರತಿ, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಕೊಂಡ ದಿನಾಂಕ ಇರಲಿ. ಉಳಿದ ಮಾತ್ರೆಗಳನ್ನು ಅದೇ ಹೊದಿಕೆಯಲ್ಲಿ, ಎಸೆಯದೆ, ಇಟ್ಟುಕೊಂಡಿರತಕ್ಕದ್ದು.