ಇಸವಿಯೊಂದನ್ನು ಆರಿಸಿಕೊಂಡು ಕಾರು ಕಟ್ಟುವವರು

ಪ್ರಶ್ನೆ: ಅಮೆರಿಕದ ‘ಹಾಟ್ ರಾಡ್’ ಕಾರುಗಳ ವಿಡಿಯೊ ನೋಡುತ್ತಿರುತ್ತೇನೆ. 1940ರ ದಶಕದಲ್ಲಿ ಮಾಡುತ್ತಿದ್ದ ಹಾಗೆಯೇ ಈಗಲೂ ಕೈಯಿಂದ ಕಟ್ಟುವವರು ಇದ್ದಾರಂತೆ. ಹಾಗೆಂದರೇನು? ನಮ್ಮ ಕಡೆ ಅಂಥದ್ದು ಯಾವತ್ತಾದರೂ ಇತ್ತೇ? ಅಜ್ಜನ ಪೆಟ್ರೋಲ್ ಜೀಪೊಂದು ಕೊಟ್ಟಿಗೆಯಲ್ಲಿ ನಿಂತಿದೆ. ಅದನ್ನು ಹಾಟ್ ರಾಡ್ ಮಾಡಬಹುದೇ?
— ಓದುಗರೊಬ್ಬರು, ಬಾರ್ಕೂರು

ಉತ್ತರ: ಹಾಟ್ ರಾಡ್ ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ. ಮುರಾಕ್, ಎಲ್ ಮಿರಾಜ್ ಎಂಬ ಆ ಕೆರೆಯಂಗಳಗಳು ಮೈಲುಗಟ್ಟಲೆ ಚಪ್ಪಟೆ, ಬೇಸಿಗೆಯಲ್ಲಿ ನೆಲ ಗಟ್ಟಿ. ಹೊಸ ಕಾರು ಕೊಳ್ಳಲಾಗದ ಹುಡುಗರು ಹಳೆಯ ಫೋರ್ಡ್ ‘ಟಿ’, ಫೋರ್ಡ್ ‘ಎ’ ಕಾರುಗಳನ್ನು ಚಿಲ್ಲರೆ ದುಡ್ಡಿಗೆ ತಂದು, ಮಡ್‌ಗಾರ್ಡ್, ಬಂಪರ್, ಬಾನೆಟ್ ಎಲ್ಲ ಬಿಚ್ಚಿ ಭಾರ ಇಳಿಸಿ, ಎಂಜಿನ್ನಿನ ಶಕ್ತಿ ಏರಿಸಿ ಅಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕಾರಿಗೂ ವಿ-8 ಎಂಜಿನ್ ಕೊಟ್ಟಿತು. ಆಗ ಅದರ ಶಕ್ತಿ ಬರೀ 65 ಅಶ್ವಶಕ್ತಿ. ಆದರೂ ಈ ಹುಡುಗರಿಗೆ ಬೇಕಿದ್ದದ್ದು ಅದೇ. ಅವರ ಸಂಘ 1937ರಲ್ಲಿ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಸೇರಿಕೊಂಡ ಮೇಲೆ ಹವ್ಯಾಸ ಊರೂರಿಗೆ ಹಬ್ಬಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೇ ಹೊರಬಂತು.

ಆ ವಿ-8 ಎಂಜಿನ್ನಿನ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಕೂತಿರುತ್ತವೆ. ಮೇಲಿನ ಹೆಡ್ಡು ಬರೀ ಚಪ್ಪಟೆ ಮುಚ್ಚಳ. ಸುಟ್ಟ ಹೊಗೆ ಬ್ಲಾಕನ್ನು ಹಾದೇ ಹೊರಬರಬೇಕು. ಒಂದೊಂದು ಬದಿಯ ನಾಲ್ಕು ಸಿಲಿಂಡರಿಗೆ ಮೂರೇ ಬಾಗಿಲು, ನಡುವಿನ ಎರಡಕ್ಕೆ ಒಂದೇ. ಹೀಗಾಗಿ ಎಂಜಿನ್ ಬೇಗ ಬಿಸಿಯಾಗುತ್ತದೆ. ಬಿಸಿಯಾಗುತ್ತದೆಂದು ಗೊತ್ತಿದ್ದೂ ಇವತ್ತಿಗೂ ಅದನ್ನೇ ಕೂರಿಸುವವರು ಇದ್ದಾರೆ. ನೀವು ಕೇಳಿದ ಮಂದಿ ಅವರೇ.

ಅವರು ಮೊದಲು ಒಂದು ಇಸವಿ ಆರಿಸಿಕೊಳ್ಳುತ್ತಾರೆ, 1948 ಎಂದೋ 1952 ಎಂದೋ. ಆ ವರ್ಷ ಒಬ್ಬ ಹುಡುಗನ ಕೈಗೆ ಏನು ಸಿಗುತ್ತಿತ್ತೋ ಅದಷ್ಟೇ ಕಾರಿಗೆ. 1952ರ ಕಾರೆಂದು ಹೇಳಿ ಷೆವರ್ಲೆಯ ಸಣ್ಣ ವಿ-8 ಕೂರಿಸಿದರೆ ತಪ್ಪು, ಏಕೆಂದರೆ ಅದು ಬಂದದ್ದು 1955ರ ಮಾದರಿಯಲ್ಲಿ. ರೇಡಿಯಲ್ ಟಯರ್ ತಪ್ಪು, ಡಿಸ್ಕ್ ಬ್ರೇಕ್ ತಪ್ಪು. 1939ರ ಫೋರ್ಡಿನ ಹೈಡ್ರಾಲಿಕ್ ಬ್ರೇಕನ್ನು 1932ರ ಕಾರಿಗೆ ಹಾಕುವುದು ಸರಿ, ಆ ಕಾಲದ ಹುಡುಗರೂ ಹಾಕಿಕೊಳ್ಳುತ್ತಿದ್ದರು. ಅಂದರೆ ಅವರು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವವರಲ್ಲ. ಆ ಕಾಲದವರು ಕಾರನ್ನು ಹೇಗೆ ಬದಲಿಸುತ್ತಿದ್ದರೋ ಆ ಬದಲಾವಣೆಗೇ ನಿಷ್ಠರು.

ಕೈಗೆಲಸದ ಸೊಗಸು ಇರುವುದು ಇಲ್ಲಿ. ಕಾರಿನ ಮುಂಭಾಗ ತಗ್ಗಿಸಲು ಮುಂದಿನ ಆಕ್ಸಲ್ಲಿನ ಎರಡೂ ತುದಿಗಳನ್ನು ಕೆಂಪಗೆ ಕಾಯಿಸಿ ಮೇಲಕ್ಕೆ ಬಗ್ಗಿಸುತ್ತಾರೆ, ನಡುಭಾಗ ಕೆಳಗಿಳಿಯುತ್ತದೆ. ಕುಲುಮೆಯ ಮುಂದೆ ಕೂತು ಗೊತ್ತಿರುವ ನಿಮ್ಮೂರ ಆಚಾರಿಗಳಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಛಾವಣಿ ತಗ್ಗಿಸುವುದು ಇನ್ನೂ ಕಷ್ಟ. ಕಂಬಗಳನ್ನು ಮೂರು ಇಂಚು ಕತ್ತರಿಸಿ ಛಾವಣಿ ಕೆಳಗಿಳಿಸಿದರೆ, ಮುಂದಿನ ಕಂಬ ಓರೆಯಾಗಿರುವ ಕಾರಿನಲ್ಲಿ ಮೇಲಿನ ತುಂಡೂ ಕೆಳಗಿನ ತುಂಡೂ ಒಂದಕ್ಕೊಂದು ಕೂಡುವುದೇ ಇಲ್ಲ. ಆಗ ಛಾವಣಿಯನ್ನೂ ಸೀಳಿ, ನಡುವೆ ತಗಡಿನ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಬೆಸುಗೆಗೆ ಗ್ಯಾಸ್ ವೆಲ್ಡಿಂಗೇ ಆಗಬೇಕು. ಗ್ಯಾಸಿನ ಬೆಸುಗೆ ಮೆದು, ಸುತ್ತಿಗೆ ಮತ್ತು ಡಾಲಿಯ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ತುಂಡು) ನಡುವೆ ಬಡಿದು ಮಟ್ಟಸ ಮಾಡಬಹುದು. ಉಳಿದ ತಗ್ಗಿಗೆ ಈಗಿನ ಪುಟ್ಟಿ ಇಲ್ಲ. ಸೀಸ ಮತ್ತು ತವರದ ಮಿಶ್ರಲೋಹವನ್ನು ಕರಗಿಸಿ, ಮರದ ಹಲಗೆಯಿಂದ ಸವರಿ, ಅರದಿಂದ ಉಜ್ಜುತ್ತಾರೆ. ಸೀಸದ ಧೂಳು ವಿಷ. ಇದೊಂದನ್ನು ಯಾರೂ ಮನೆಯಂಗಳದಲ್ಲಿ ಅಭ್ಯಾಸ ಮಾಡಬಾರದು.

ಇನ್ನು ನಮ್ಮ ಕಡೆಯ ಮಾತು. ಹಾಟ್ ರಾಡ್ ನಮ್ಮಲ್ಲಿ ಇರಲಿಲ್ಲ. ಓಟದ ಹವ್ಯಾಸಕ್ಕೆ ಹತ್ತಿರದ ನೆಲೆ ಚೆನ್ನೈ ಬಳಿಯ ಶೋಳಾವರಂ. ಯುದ್ಧಕಾಲದ ಆ ವಿಮಾನಪಟ್ಟಿಯ ಮೇಲೆ 1950ರ ದಶಕದಿಂದ ಕಾರು ಓಡಿಸುತ್ತಿದ್ದರು, ಫಿಯೆಟ್ಟಿನ ಭಾಗಗಳಿಂದ ಸ್ವತಃ ಕಟ್ಟಿದ ಕಾರುಗಳೂ ಬರುತ್ತಿದ್ದವು. ಕರಾವಳಿಯ ಕೈಗೆಲಸ ಬೆಳೆದದ್ದು ಓಟದಿಂದಲ್ಲ, ಬಸ್ಸಿನಿಂದ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಸಿಪಿಸಿ, 1914ರಲ್ಲೇ ಶುರುವಾಯಿತು. ಅಂದಿನ ಬಸ್ಸು ಬರುತ್ತಿದ್ದದ್ದು ಚಾಸಿ ಮತ್ತು ಎಂಜಿನ್ನಾಗಿ ಮಾತ್ರ. ಬಾಡಿ ಕಟ್ಟುವವರು ಇಲ್ಲಿನ ಬಡಗಿಗಳು, ತಗಡಿನ ಕೆಲಸದವರು. ಮರದ ಚೌಕಟ್ಟು, ಅದರ ಮೇಲೆ ತಗಡು, ಒಳಗೆ ಬೆಂಚು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳಿಗೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕಟ್ಟಿದರು. ಪೆಟ್ರೋಲಿನ ಎಂಜಿನ್ನೇ ಇದ್ದಿಲು ಸುಟ್ಟ ಗ್ಯಾಸಿನಿಂದ ಓಡುತ್ತಿತ್ತು, ಶಕ್ತಿ ಕುಂದಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಸ್ಪ್ರಿಂಗ್ ಪ್ಲೇಟುಗಳೂ ಹೊರಗಿನಿಂದ ಬರಬೇಕಾದ ಸ್ಥಿತಿಯಲ್ಲಿ ಮಂಗಳೂರಿನ ವಿ.ಎಸ್. ಕುಡ್ವರು 1943ರಲ್ಲಿ ಕೆನರಾ ವರ್ಕ್‌ಶಾಪ್ಸ್ ತೆರೆದರು. ಕೈಗೆ ಸಿಕ್ಕಿದ್ದರಿಂದ ಗಾಡಿ ಓಡಿಸುವ ಆ ಜಾಣ್ಮೆಗೆ ಕ್ಯಾಲಿಫೋರ್ನಿಯಾದ ಹುಡುಗರ ಜಾಣ್ಮೆಗಿಂತ ನಾನು ಒಂದು ತೂಕ ಹೆಚ್ಚೇ ಕೊಡುತ್ತೇನೆ, ಏಕೆಂದರೆ ಅದನ್ನು ನಂಬಿ ದಿನವೂ ಜನ ಹತ್ತುತ್ತಿದ್ದರು.

ಈಗ ಅಜ್ಜನ ಜೀಪು. ಬಾನೆಟ್ ತಗ್ಗಿದ್ದರೆ ಅದು ಯುದ್ಧಕಾಲದ್ದು ಅಥವಾ ಅದರ ಬೆನ್ನಿಗೇ ಬಂದದ್ದು. ಅದರ 60 ಅಶ್ವಶಕ್ತಿಯ ಎಂಜಿನ್ನಿನಲ್ಲೂ ವಾಲ್ವುಗಳು ಆ ಫೋರ್ಡಿನ ಹಾಗೆ ಪಕ್ಕದಲ್ಲೇ ಇರುತ್ತವೆ. ಬಾನೆಟ್ ಎತ್ತರವಾಗಿ ಉಬ್ಬಿದ್ದರೆ ಅದು ಸಿಜೆ-3ಬಿ, ಮಹೀಂದ್ರದವರು ದಶಕಗಟ್ಟಲೆ ತಯಾರಿಸಿದ್ದು. ಅದರಲ್ಲಿ ಒಳಗೆಳೆಯುವ ವಾಲ್ವ್ ಹೆಡ್ಡಿಗೆ ಏರಿದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಿಮಗೆ ಇನ್ನೊಂದು ಸಂತೋಷದ ಸಂಗತಿ: 1930ರ ದಶಕದ ಕೊನೆಯ ಹಲವು ಫೋರ್ಡ್ ಕಾರುಗಳ ಟಯರ್ ಅಳತೆ 6.00-16. ನಮ್ಮ ಜೀಪಿನದೂ ಅದೇ ಅಳತೆ.

ಆದರೆ ಅದನ್ನು ಕತ್ತರಿಸಬೇಡಿ. ಮಡ್‌ಗಾರ್ಡ್ ಇಲ್ಲದ ಗಾಡಿ ಮಳೆ ಕಾಣದ ಕೆರೆಯಂಗಳಕ್ಕೆ ಸರಿ. ನಾಲ್ಕು ತಿಂಗಳು ಮಳೆ ಹೊಯ್ಯುವ ಬಾರ್ಕೂರಿನಲ್ಲಿ ಕೆಸರೆಲ್ಲ ನಿಮ್ಮ ಮುಖಕ್ಕೇ. ಕಾನೂನೂ ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶವಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬದಲಿಗೆ 2021ರ ವಿಂಟೇಜ್ ನಿಯಮ ನಿಮಗೆ ಒದಗೀತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಸ್ವಂತ ಬಳಕೆಯ ಗಾಡಿಗೆ 20,000 ರೂಪಾಯಿ ಶುಲ್ಕಕ್ಕೆ ‘ವಿಎ’ ಎಂಬ ಅಕ್ಷರಗಳಿರುವ ನಂಬರು ಕೊಡುತ್ತಾರೆ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಕತ್ತರಿಸಿದಿರೋ, ಈ ಬಾಗಿಲೂ ಮುಚ್ಚಿತು.

ಆ ಹಾಟ್ ರಾಡಿನವರಿಂದ ಇಸವಿಯ ಶಿಸ್ತನ್ನು ಮಾತ್ರ ತೆಗೆದುಕೊಳ್ಳಿ. ಜೀಪು ನಿಮ್ಮ ಮನೆಗೆ ಬಂದ ವರ್ಷವನ್ನು ಹಿಡಿದು, ಆ ವರ್ಷ ಅದು ಹೇಗಿತ್ತೋ ಹಾಗೆ ಕಟ್ಟಿ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಅದೇ ನಿಮ್ಮ ನಕ್ಷೆ. ಬೋಲ್ಟು ಇಂಚಿನ ಅಳತೆಯವು, ಮಿಲಿಮೀಟರಿನ ಪಾನಾ ಹಾಕಿ ಮೂಲೆ ಸವೆಸಬೇಡಿ. ಮೊದಲು ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲೆ ಇವೆಯೇ ನೋಡಿ. ಆಮೇಲೆ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸ್ವಲ್ಪ ಹಾಕಿ ಕೆಲವು ದಿನ ಬಿಡಿ. ಬ್ಯಾಟರಿ ಕೊಡುವ ಅವಸರ ಬೇಡ. ಹ್ಯಾಂಡಲ್ ಹಾಕಿ ಕೈಯಿಂದಲೇ ನಿಧಾನ ತಿರುಗಿಸಿ. ತಿರುಗಿದರೆ ಎಂಜಿನ್ನನ್ನು ಹಾಗೇ ಬಿಟ್ಟು ಬ್ರೇಕಿನ ಕೆಲಸ ಶುರು ಮಾಡಿ.