ಅನಿಷ್ಟತ್ಯಾಗ: ರಕ್ತದ ಸಕ್ಕರೆಯೂ ಶ್ರಾವಕನ ಅನ್ನದ ಪರಿಮಾಣವೂ



ಭೋಗೋಪಭೋಗ ಪರಿಮಾಣ ವ್ರತದ ಮಾತು ಬಂದಾಗ ನಾವು ಕಂದಮೂಲ, ಜೇನು, ಪಂಚ ಉದುಂಬರ ಫಲಗಳು ಮುಂತಾದುವನ್ನು ಎಣಿಸಿ ಅಲ್ಲಿಗೆ ನಿಲ್ಲಿಸುವುದುಂಟು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಜ್ಯವಾದುವನ್ನು ಹೇಳುವಾಗ ‘ಅನಿಷ್ಟ’ವೆಂಬ ಇನ್ನೊಂದು ವರ್ಗವನ್ನೂ ಸೇರಿಸಿದ್ದಾರೆ. ಪದಾರ್ಥವು ಶುದ್ಧವಾಗಿದ್ದರೂ ತಿನ್ನುವವನ ಶರೀರಪ್ರಕೃತಿಗೆ ಅಹಿತವಾದರೆ ಅದು ಆತನ ಪಾಲಿಗೆ ಅನಿಷ್ಟ. ಒಬ್ಬನಿಗೆ ಪುಷ್ಟಿ ಕೊಡುವ ಆಹಾರವೇ ಇನ್ನೊಬ್ಬನಿಗೆ ತ್ಯಾಜ್ಯವಾಗಬಹುದು. ನಮ್ಮ ನಿತ್ಯದ ಅಕ್ಕಿಬೆಲ್ಲಗಳು ಇಂದು ಎಷ್ಟೋ ಶ್ರಾವಕರ ಪಾಲಿಗೆ ಹೀಗೆ ಅನಿಷ್ಟವಾಗುತ್ತಿವೆ. ಅವುಗಳ ಪರಿಮಾಣವನ್ನು ವ್ರತಭಾವದಿಂದ ಹೇಗೆ ಕಡಿಮೆ ಮಾಡಿಕೊಳ್ಳಬೇಕೆಂಬುದೇ ಈ ಪಾಠದ ವಿಷಯ.

1. ಪಾಠಕ್ಕೆ ಕಾರಣವಾದ ಸಂಗತಿ

ಕೆಲವು ವರ್ಷಗಳ ಹಿಂದೆ, ದಶಲಕ್ಷಣ ಪರ್ವದ ಕೊನೆಯ ದಿನವಾದ ಅನಂತ ಚತುರ್ದಶಿಯಂದು, ಲಕ್ಕವಳ್ಳಿಯ ನಮ್ಮ ಮನೆಯಲ್ಲಿ ನಡೆದುದು ಇದು. ನಮ್ಮ ಅಣ್ಣನವರು ಅನೇಕ ವರ್ಷಗಳಿಂದ ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸ ಮಾಡುತ್ತಿದ್ದವರು. ಮಧುಮೇಹ ಕಾಣಿಸಿಕೊಂಡ ಮೇಲೂ ನಿಯಮವನ್ನು ಬಿಟ್ಟಿರಲಿಲ್ಲ. ಆ ದಿನ ಅವರು ನಿರ್ಜಲ ಉಪವಾಸವನ್ನು ಕೈಗೊಂಡಿದ್ದರು. ಆದರೆ ಅದಕ್ಕೆ ಮುನ್ನ, ಸೂರ್ಯೋದಯದ ಹೊತ್ತಿಗೆ, ವಾಡಿಕೆಯಂತೆ ಸಕ್ಕರೆ ಇಳಿಸುವ ಗುಳಿಗೆಯನ್ನು ನುಂಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಕೈಗಳು ನಡುಗತೊಡಗಿದುವು, ಮೈಯೆಲ್ಲ ಬೆವರಿತು, ಮಾತು ತೊದಲಿತು. ಅತ್ತಿಗೆಯವರು ಸಕ್ಕರೆ ನೀರನ್ನು ತಂದರು. ಅಣ್ಣನವರು ತುಟಿ ಬಿಗಿದು ತಲೆಯಾಡಿಸಿದರು. ವ್ರತಭಂಗವಾದೀತೆಂದು ನಾವೆಲ್ಲರೂ ಕ್ಷಣಕಾಲ ಹಿಂಜರಿದು ನಿಂತೆವು. ಹಿಂಜರಿಯದಿದ್ದವರು ಅತ್ತಿಗೆಯವರೊಬ್ಬರೆ. ‘ಪಾಪ ಬಂದರೆ ನನಗೆ ಬರಲಿ, ಕುಡಿಯಿರಿ’ ಎಂದು ಅವರು ಗದ್ಗದಿತರಾಗಿ ಹೇಳಿದಾಗ ಅಣ್ಣನವರು ಬಾಯಿ ತೆರೆದರು.

ಅಣ್ಣನವರು ಚೇತರಿಸಿಕೊಂಡ ಮೇಲೆ ವೈದ್ಯರು, ಒಡಹುಟ್ಟಿದವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸೆಂದರು. ನಾನು ಸಪೂರ ಮೈಕಟ್ಟಿನವನು, ಸೂರ್ಯಾಸ್ತದ ಬಳಿಕ ಉಣ್ಣದವನು. ನನಗೆಲ್ಲಿಯ ರೋಗವೆಂದು ನಗುತ್ತಲೇ ಹೋದೆ. ಬರಿಯ ಹೊಟ್ಟೆಯ ಸಕ್ಕರೆ 118 ಮಿಲಿಗ್ರಾಂ, ಎಚ್‌ಬಿಎ1ಸಿ 6.3, ಸೊಂಟದ ಸುತ್ತಳತೆ 97 ಸೆಂಟಿಮೀಟರ್ ಎಂದು ಬಂದಿತು. ಇನ್ಸುಲಿನ್ ಪ್ರತಿರೋಧವೆಂಬ ಮಾತನ್ನು ನಾನು ಮೊದಲು ಕೇಳಿದುದು ಅಂದು.

2. ಇನ್ಸುಲಿನ್ ಪ್ರತಿರೋಧವೆಂದರೇನು?

ಭದ್ರಾ ಅಣೆಕಟ್ಟೆಯ ಊರಿನವರಾದ ನಮಗೆ ಇದನ್ನು ನಾಲೆಯ ಉದಾಹರಣೆಯಿಂದ ತಿಳಿಯುವುದು ಸುಲಭ. ನಾವು ಉಂಡ ಅನ್ನ, ರೊಟ್ಟಿ, ಬೆಲ್ಲಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ರಕ್ತನಾಳವೇ ನಾಲೆ, ಸ್ನಾಯು ಮುಂತಾದುವುಗಳ ಜೀವಕೋಶಗಳೇ ಗದ್ದೆಗಳು. ಗದ್ದೆಗಳ ತೂಬನ್ನು ತೆರೆಯಿಸುವ ನೀರುಗಂಟಿಯೇ ಇನ್ಸುಲಿನ್. ಇದು ಮೇದೋಜೀರಕಾಂಗದಲ್ಲಿ ಹುಟ್ಟುವ ರಸ. ತೂಬುಗಳು ಹೂಳು ತುಂಬಿ ಬಿಗಿದರೆ ಒಬ್ಬ ನೀರುಗಂಟಿಯ ಕೈಯಲ್ಲಿ ಅವು ತೆರೆಯುವುದಿಲ್ಲ. ಇಬ್ಬರು, ನಾಲ್ವರು ಬೇಕಾಗುತ್ತಾರೆ. ಇದೇ ಪ್ರತಿರೋಧ. ಇನ್ಸುಲಿನ್ ಹೆಚ್ಚು ಹೆಚ್ಚಾಗಿ ಸುರಿದು ಕೆಲವು ವರ್ಷಗಳ ಕಾಲ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಆಗ ಹೊರಗೆ ಯಾವ ಲಕ್ಷಣವೂ ತೋರದು. ಕ್ರಮೇಣ ಮೇದೋಜೀರಕಾಂಗವು ದಣಿದಾಗ ನಾಲೆ ಉಕ್ಕುತ್ತದೆ, ಅದನ್ನೇ ಮಧುಮೇಹವೆನ್ನುತ್ತೇವೆ.

ಈ ತಿಳಿವಳಿಕೆಯು ಬಂದುದು ಹಂತಹಂತವಾಗಿ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1936ರಲ್ಲಿ ಇಂಗ್ಲೆಂಡಿನ ಹಿಮ್ಸ್‌ವರ್ತ್, ಕೆಲವು ಮಧುಮೇಹಿಗಳ ಶರೀರವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲವೆಂಬುದನ್ನು ತೋರಿಸಿದರು. 1988ರಲ್ಲಿ ಅಮೆರಿಕದ ರೀವನ್, ಈ ಪ್ರತಿರೋಧವೇ ರಕ್ತದೊತ್ತಡ ಮತ್ತು ಹೃದ್ರೋಗಗಳಿಗೂ ನೆಲೆಯಾಗಬಲ್ಲುದೆಂದು ವಿವರಿಸಿದರು.

ಮನೆಮನೆಯಲ್ಲಿಯೂ ನೆನಪಿಡಬೇಕಾದ ಅಂಕಿಗಳಿವು. ಬರಿಯ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಮಧುಮೇಹದ ಪೂರ್ವಸ್ಥಿತಿ. 126 ಅಥವಾ ಅದಕ್ಕೂ ಹೆಚ್ಚಾಗಿದ್ದು ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಮಧುಮೇಹ. ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪೂರ್ವಸ್ಥಿತಿ. ಸೊಂಟದ ಸುತ್ತಳತೆಯು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿಗೆ ಮೀರಿದರೆ ಎಚ್ಚರ ವಹಿಸಬೇಕು.

3. ವ್ರತಸ್ಥರಿಗೂ ಬರುವುದೇಕೆ?

ಮಾಂಸವನ್ನು ಮುಟ್ಟದ, ಮದ್ಯವನ್ನರಿಯದ, ಹಗಲಿನಲ್ಲಿ ಮಾತ್ರ ಉಣ್ಣುವ ಮನೆಗಳಿಗೆ ಇದು ಬರುವುದೇಕೆ? ಮೊದಲನೆಯ ಕಾರಣ ನಮ್ಮ ಮೈಕಟ್ಟು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿಯು ಇಬ್ಬರಿಗೂ 22.3. ಆದರೆ ಯುಡ್ಕಿನ್ನರ ಶರೀರದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಸಪೂರವಾಗಿ ಕಾಣುವ ಭಾರತೀಯನ ಒಳಗೂ ಕೊಬ್ಬು ಅಡಗಿರಬಹುದೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ಕಾರಣ ನಮ್ಮ ತಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಮಂದಿ ಮಧುಮೇಹಿಗಳೂ 13.6 ಕೋಟಿ ಮಂದಿ ಪೂರ್ವಸ್ಥಿತಿಯವರೂ ಇರುವರೆಂದು 2023ರಲ್ಲಿ ಅಂದಾಜಿಸಿತು. ನಮ್ಮವರ ಆಹಾರಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಶರ್ಕರಪಿಷ್ಟದಿಂದಲೇ ಬರುತ್ತದೆಂದು ಅದೇ ಸಮೀಕ್ಷೆಯ 2025ರ ವರದಿ ತಿಳಿಸುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಅನ್ನ, ಪಾರಣೆಯ ದಿನ ಬೆಲ್ಲದ ಪಾಯಸ: ನಮ್ಮ ಮನೆಯ ಲೆಕ್ಕವೂ ಇದೇ ಆಗಿತ್ತು. ಗದ್ದೆಯಲ್ಲಿ ಬಗ್ಗಿ ದುಡಿದ ಹಿರಿಯರಿಗೆ ಈ ಅನ್ನವು ಕರಗುತ್ತಿತ್ತು. ಗದ್ದಿಗೆಯ ಮೇಲೆ ಕುಳಿತ ನಮಗೆ ಕರಗುತ್ತಿಲ್ಲ.

ಮೂರನೆಯದು ಉಪವಾಸದ ಮರುದಿನದ ಅತಿಭೋಜನ. ನಿನ್ನೆ ಬಿಟ್ಟುದನ್ನು ಇಂದು ಇಮ್ಮಡಿಯಾಗಿ ತುಂಬಿಕೊಂಡರೆ ಅದು ಅನಶನವೂ ಆಗದು, ಅವಮೌದರ್ಯವೂ ಆಗದು. ಏಕಾಶನದ ಹೆಸರಿನಲ್ಲಿ ಸಬ್ಬಕ್ಕಿಯನ್ನು ತಿನ್ನುವವರು ಒಂದು ವಿಷಯವನ್ನು ಗಮನಿಸಬೇಕು. ನಮ್ಮ ದೇಶದ ಸಬ್ಬಕ್ಕಿಯು ಮರಗೆಣಸಿನ ಗಡ್ಡೆಯಿಂದ ತೆಗೆದ ಪಿಷ್ಟ. ಕಂದಮೂಲ ತ್ಯಾಗಿಗೂ ಸಕ್ಕರೆಯ ತೊಂದರೆಯವನಿಗೂ ಅದು ಸಲ್ಲದು.

4. ತಟ್ಟೆಯ ಪರಿಮಾಣ

ಶರ್ಕರಪಿಷ್ಟವನ್ನು ಪೂರ್ಣವಾಗಿ ತ್ಯಜಿಸುವ ಆವಶ್ಯಕತೆಯಿಲ್ಲ. ಪಶ್ಚಿಮ ದೇಶಗಳಲ್ಲಿ ಅನ್ನಕ್ಕೆ ಬದಲಾಗಿ ಮಾಂಸ, ಮೊಟ್ಟೆಗಳನ್ನು ಹೇಳುವ ಪಥ್ಯವು ನಮ್ಮದಲ್ಲ. ಮಾಂಸ, ಮದ್ಯ, ಜೇನುಗಳನ್ನು ಬಿಟ್ಟೂ ಚಿಕಿತ್ಸೆ ಸಾಧ್ಯವೆಂದು ಒಂಬತ್ತನೆಯ ಶತಮಾನದಲ್ಲಿಯೇ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ತೋರಿಸಿದ್ದಾರೆ. ಶರ್ಕರಪಿಷ್ಟದ ಪಾಲನ್ನು 62ರಿಂದ 50-55ಕ್ಕೆ ಇಳಿಸಿ ಸಸಾರಜನಕವನ್ನು ಹೆಚ್ಚಿಸಿಕೊಂಡರೆ ಬಹಳ ಮಂದಿಗೆ ಹಿತವೆಂಬುದು ನಮ್ಮ ದೇಶದ ಸಂಶೋಧಕರ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 1800 ಕ್ಯಾಲೊರಿ ಉಣ್ಣುವವನಿಗೆ 62 ಪಾಲೆಂದರೆ ಸುಮಾರು 279 ಗ್ರಾಂ ಶರ್ಕರಪಿಷ್ಟ, 50 ಪಾಲೆಂದರೆ 225 ಗ್ರಾಂ. ವ್ಯತ್ಯಾಸ 54 ಗ್ರಾಂ. ಅದು ಸುಮಾರು 70 ಗ್ರಾಂ ಅಕ್ಕಿಯಲ್ಲಿರುವಷ್ಟು. ಎಂದರೆ ದಿನಕ್ಕೆ ಒಂದೆರಡು ಹಿಡಿ ಅಕ್ಕಿ! ಪುರುಷನಿಗೆ 32, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಹೇಳಿ, ಅದರಲ್ಲಿ ಒಂದೊಂದೇ ತುತ್ತನ್ನು ಕಡಿಮೆ ಮಾಡುತ್ತ ಹೋಗುವ ಅವಮೌದರ್ಯ ತಪವನ್ನು ನಮ್ಮ ಆಚಾರ್ಯರು ಬೋಧಿಸಿದುದನ್ನು ಇಲ್ಲಿ ಸ್ಮರಿಸಬೇಕು.

ನಾವು ಅನುಸರಿಸಿದ ಕ್ರಮ ಹೀಗಿದೆ:

(ಅ) ಅರ್ಧ ತಟ್ಟೆ ಪಲ್ಯ: ಹೀರೆ, ಪಡವಲ, ಹಾಗಲ, ತೊಂಡೆ, ಬೆಂಡೆ, ಹುರುಳಿಕಾಯಿ, ಬೂದುಗುಂಬಳ. ಸೊಪ್ಪನ್ನು ಚಾತುರ್ಮಾಸದಲ್ಲಿ ಬಿಡುವ ಮನೆಗಳು ಈ ಕಾಯಿಗಳಿಂದಲೇ ನಿರ್ವಹಿಸಬಹುದು.

(ಆ) ಕಾಲು ತಟ್ಟೆ ಹೆಸರು, ಹುರುಳಿ, ಕಡಲೆ, ತೊಗರಿ. ನೂರು ಗ್ರಾಂ ಅಕ್ಕಿಯಲ್ಲಿ ಸಸಾರಜನಕ ಏಳೆಂಟು ಗ್ರಾಂ. ಬೇಳೆಕಾಳುಗಳಲ್ಲಿ 22ರ ಆಸುಪಾಸು. ದ್ವಿದಳ ದೋಷವನ್ನು ಪಾಲಿಸುವವರು ಬೇಳೆಯಿರುವ ಊಟದಲ್ಲಿ ಮೊಸರನ್ನು ಬಿಟ್ಟು, ಅದನ್ನು ಬೇರೆ ಹೊತ್ತಿಗೆ ಇರಿಸಿಕೊಳ್ಳತಕ್ಕದ್ದು.

(ಇ) ಉಳಿದ ಕಾಲು ತಟ್ಟೆ ಮಾತ್ರ ಅನ್ನ ಅಥವಾ ಮುದ್ದೆ. ಮೊದಲು ಪಲ್ಯ ಮತ್ತು ಕಾಳು, ಕೊನೆಯಲ್ಲಿ ಅನ್ನ. ಈ ಅನುಕ್ರಮದಿಂದ ಸಕ್ಕರೆಯ ಏರಿಕೆ ತಗ್ಗುತ್ತದೆ.

(ಈ) ಬೆಲ್ಲ, ಸಕ್ಕರೆಗಳು ನಿಯಮದ ಅವಧಿಯಲ್ಲಿ ಪೂರ್ಣ ತ್ಯಾಜ್ಯ. ರಸಪರಿತ್ಯಾಗದಲ್ಲಿ ಇದಕ್ಕೆ ಸ್ಥಾನವಿದ್ದೇ ಇದೆ.

ಅಕ್ಕಿಯನ್ನು ಬಿಟ್ಟು ರಾಗಿಯನ್ನೋ ಸಿರಿಧಾನ್ಯವನ್ನೋ ಹೊಟ್ಟೆ ತುಂಬ ಉಂಡರೆ ಸಾಕೆಂಬ ಭ್ರಮೆ ಬೇಡ. ರಾಗಿಯಲ್ಲಿ ನಾರಿನ ಅಂಶ ಹೆಚ್ಚೆಂಬುದು ನಿಜ. ಆದರೂ ನೂರು ಗ್ರಾಮಿಗೆ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ಒಟ್ಟು ಪರಿಮಾಣವನ್ನು ತಗ್ಗಿಸದೆ ಧಾನ್ಯವನ್ನು ಮಾತ್ರ ಬದಲಿಸಿದರೆ ಪ್ರಯೋಜನ ಕಾಣದೆಂದು ಮೇಲೆ ಹೇಳಿದ 2025ರ ವರದಿಯೂ ಹೇಳುತ್ತದೆ.

ನಮ್ಮ ರಾತ್ರಿಭೋಜನ ತ್ಯಾಗದ ಮೂಲ ಅಹಿಂಸೆ. ಅದಕ್ಕೆ ವಿಜ್ಞಾನದ ಸಾಕ್ಷ್ಯ ಬೇಕಿಲ್ಲ. ಆದರೂ ಅಮೆರಿಕದಲ್ಲಿ ಪೂರ್ವಸ್ಥಿತಿಯ 8 ಮಂದಿ ಪುರುಷರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಧ್ಯಾಹ್ನ ಮೂರರೊಳಗೆ ದಿನದ ಊಟವನ್ನು ಮುಗಿಸಿದುದರಿಂದ ತೂಕವಿಳಿಯದೆಯೂ ಇನ್ಸುಲಿನ್ನಿನ ಕೆಲಸ ಸುಧಾರಿಸಿತು. ಪ್ರಯೋಗ ಚಿಕ್ಕದು, ದಿಕ್ಕು ಮಾತ್ರ ಗಮನಾರ್ಹ.

5. ಹೊಂದಿಕೆಯ ದಿನಗಳು ಮತ್ತು ಐದು ಅತಿಚಾರಗಳು

ಮೊದಲ ಒಂದೆರಡು ವಾರ ತಲೆನೋವು, ನಿಶ್ಶಕ್ತಿ, ಮಲಬದ್ಧತೆ ಕಾಣಬಹುದು. ಹಗಲಿನಲ್ಲಿ ಸಾಕಷ್ಟು ನೀರು, ಹೆಚ್ಚು ಪಲ್ಯ, ಊಟದ ಬಳಿಕ ಹತ್ತು ಹದಿನೈದು ನಿಮಿಷದ ನಡಿಗೆ ಇದಕ್ಕೆ ಪರಿಹಾರ. ಮೈಯ ಕಷ್ಟಕ್ಕಿಂತ ಮನಸ್ಸಿನ ಕಷ್ಟ ದೊಡ್ಡದು. ಸಮಂತಭದ್ರರು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನಾನು ನನ್ನ ಊಟದ ಮಣೆಯ ಮೇಲೆಯೇ ಕಂಡೆ. ಸಕ್ಕರೆಯಿಲ್ಲದ ಸಿಹಿತಿಂಡಿಯನ್ನು ಅಂಗಡಿಯಲ್ಲಿ ಹುಡುಕುವುದು ವಿಷಯದ ಮೇಲಣ ಆದರವಳಿಯದ ಅನುಪೇಕ್ಷೆ. ಕಳೆದ ಹಬ್ಬದ ಹೋಳಿಗೆಯನ್ನು ನೆನೆಯುವುದು ಅನುಸ್ಮೃತಿ. ಕಡಲೆಕಾಯಿಗೆ ತಡೆಯಿಲ್ಲವೆಂದು ಮತ್ತೆ ಮತ್ತೆ ಡಬ್ಬಿಗೆ ಕೈ ಹಾಕುವುದು ಅತಿಲೌಲ್ಯ. ನಿಯಮ ಮುಗಿದ ಮರುದಿನ ಏನು ತಿನ್ನಬೇಕೆಂದು ಎಣಿಸುವುದು ಅತಿತೃಷೆ. ಅನುಮತವಾದ ಒಂದು ತುತ್ತಿನಲ್ಲಿಯೇ ಮೈಮರೆಯುವುದು ಅತ್ಯನುಭವ.

ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಆಚಾರ್ಯರ ವಚನ. ವೈದ್ಯರ ಭಯದಿಂದ ಬಿಟ್ಟರೆ ಅದು ಪಥ್ಯ. ಸಂಕಲ್ಪದಿಂದ ಬಿಟ್ಟರೆ ವ್ರತ. ಬಿಡುವ ವಸ್ತು ಒಂದೇ, ಬಿಡುವ ಮನಸ್ಸು ಬೇರೆ. ಮನೆಯವರಿಗೂ ಇದರಿಂದ ಉಪಕಾರವುಂಟು. ‘ಸಕ್ಕರೆ ಕಾಯಿಲೆ’ ಎಂದರೆ ಇನ್ನೊಂದು ಸೌಟು ಬಡಿಸುವ ನೆಂಟರು, ‘ನಿಯಮವಿದೆ’ ಎಂದೊಡನೆ ಕೈ ಹಿಂದೆಗೆಯುತ್ತಾರೆ.

ಅವಧಿಯನ್ನು ಕುರಿತು ಒಂದು ಮಾತು. ಕಾಲಮಿತಿಯುಳ್ಳ ತ್ಯಾಗ ನಿಯಮ, ಆಜೀವ ತ್ಯಾಗ ಯಮ. ದಿನ, ಪಕ್ಷ, ಮಾಸ, ಋತು, ಅಯನಗಳೆಂದು ನಿಯಮಕ್ಕೆ ಅವಧಿಗಳಿವೆ. ನಾನು ಎರಡು ಋತುಗಳ, ಎಂದರೆ ನಾಲ್ಕು ತಿಂಗಳ ನಿಯಮವನ್ನು ಕೈಗೊಂಡೆ. ಕೊನೆಯಲ್ಲಿ ಎಚ್‌ಬಿಎ1ಸಿ 5.9ಕ್ಕೂ ಸೊಂಟ 92ಕ್ಕೂ ಇಳಿದಿದ್ದುವು. ಪೂರ್ಣ ಗುಣವೆನ್ನಲಾರೆ. ಇನ್ನೊಂದು ನಿಯಮಕ್ಕೆ ಧೈರ್ಯ ಬಂದಿತು.

6. ಔಷಧ ಸೇವಿಸುವವರಿಗೆ ಎಚ್ಚರಿಕೆ

ಇದು ಈ ಪಾಠದ ಅತ್ಯಂತ ಮುಖ್ಯ ಭಾಗ. ಇನ್ಸುಲಿನ್ ಚುಚ್ಚಿಕೊಳ್ಳುವವರೂ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಗುಳಿಗೆ ನುಂಗುವವರೂ ವೈದ್ಯರನ್ನು ಕೇಳದೆ ಉಪವಾಸವನ್ನಾಗಲಿ ಅನ್ನವನ್ನು ಇಳಿಸುವುದನ್ನಾಗಲಿ ಮಾಡಕೂಡದು. ಆಹಾರ ಕಡಿಮೆಯಾಗಿ ಔಷಧ ಹಾಗೆಯೇ ಉಳಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಪ್ರಾಣಾಪಾಯವಾಗಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸೇವಿಸುವವರಿಗೆ ನಿರ್ಜಲ ಉಪವಾಸದಲ್ಲಿಯೂ ಅತಿ ಕಡಿಮೆ ಪಿಷ್ಟದ ಆಹಾರದಲ್ಲಿಯೂ ರಕ್ತವು ಆಮ್ಲವಾಗುವ ಭಯವಿದೆ. ಮೂತ್ರಪಿಂಡದ ರೋಗಿಗಳೂ ಗರ್ಭಿಣಿಯರೂ ತಾವಾಗಿ ಆಹಾರವನ್ನು ಬದಲಿಸಬಾರದು.

ನಡುಕ, ಬೆವರು, ತೊದಲು ಕಂಡೊಡನೆ ಎಚ್ಚರವಿರುವ ರೋಗಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು.

ಇನ್ಸುಲಿನ್ನನ್ನು ಪ್ರಾಣಿಗಳಿಂದ ತೆಗೆಯುವರೆಂದು ಅದನ್ನು ನಿರಾಕರಿಸುವ ಹಿರಿಯರಿದ್ದಾರೆ. ಹಿಂದೆ ದನ, ಹಂದಿಗಳ ಅಂಗದಿಂದ ತೆಗೆಯುತ್ತಿದ್ದುದು ನಿಜ. 1982ರಿಂದ ಮಾನವ ಇನ್ಸುಲಿನ್ನನ್ನು ಸೂಕ್ಷ್ಮಾಣುಗಳ ಮೂಲಕ ತಯಾರಿಸಿ ಮಾರಾಟಕ್ಕೆ ತರಲಾಗಿದೆ. ಔಷಧಾಲಯದಲ್ಲಿ ಕೇಳಿ ಅದನ್ನೇ ಪಡೆಯಬಹುದು.

7. ಉಪಸಂಹಾರ

ಪಾರಣೆಯ ದಿನ ಅಣ್ಣನವರು ಬಹಳ ಖಿನ್ನರಾಗಿದ್ದರು. ‘ಇಷ್ಟು ವರ್ಷದ ವ್ರತ ಹೋಯಿತು’ ಎಂದರು. ಆಗ ನಮ್ಮ ವೃದ್ಧ ತಾಯಿಯವರು ಸಮಂತಭದ್ರಸ್ವಾಮಿಗಳ ಕಥೆಯನ್ನು ನೆನಪಿಸಿದರು. ಭಸ್ಮಕವ್ಯಾಧಿಯಿಂದ ಪೀಡಿತರಾಗಿ ಆ ಮಹಾತ್ಮರು ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಅನುಮತಿ ಕೊಡಲಿಲ್ಲ. ದೀಕ್ಷೆಯನ್ನು ಬದಿಗಿರಿಸಿ, ಉಂಡು, ರೋಗವನ್ನು ನೀಗಿಕೊಂಡು, ಮರಳಿ ದೀಕ್ಷೆ ಪಡೆದ ಮೇಲೆ ಅವರಿಂದ ಧರ್ಮಕ್ಕಾದ ಉಪಕಾರ ಲೋಕಪ್ರಸಿದ್ಧ. ಷೋಡಶಕಾರಣ ಭಾವನೆಗಳಲ್ಲಿಯೂ ತ್ಯಾಗ ಮತ್ತು ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಲೂಬಾರದು, ಮೀರಲೂಬಾರದು.

ಅಣ್ಣನವರು ತಮ್ಮ ದೋಷವನ್ನು ಮುನಿಗಳ ಸನ್ನಿಧಿಯಲ್ಲಿ ನಿವೇದಿಸಿಕೊಂಡರು. ಈಗ ಅವರು ಚತುರ್ದಶಿಯಂದು ಉಪವಾಸಕ್ಕೆ ಬದಲಾಗಿ, ವೈದ್ಯರೊಡನೆ ಗುಳಿಗೆಯ ಪ್ರಮಾಣವನ್ನು ನಿಶ್ಚಯಿಸಿಕೊಂಡು, ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಪಾಲಿಸುತ್ತಾರೆ. ಮೊದಲು ತಿಂಗಳಿಗೆ ನಾಲ್ಕು ದಿನ ಇದ್ದ ಸಂಯಮವು ಈಗ ದಿನಕ್ಕೆ ಮೂರು ಹೊತ್ತು ನಡೆಯುತ್ತಿದೆ.

ಮನನಕ್ಕೆ ಪ್ರಶ್ನೆಗಳು

1. ಅನಿಷ್ಟವೆಂದರೇನು? ಒಂದೇ ಪದಾರ್ಥವು ಒಬ್ಬರಿಗೆ ಗ್ರಾಹ್ಯವೂ ಇನ್ನೊಬ್ಬರಿಗೆ ತ್ಯಾಜ್ಯವೂ ಆಗುವುದು ಹೇಗೆ?
2. ಪಥ್ಯಕ್ಕೂ ವ್ರತಕ್ಕೂ ಇರುವ ಭೇದವನ್ನು ವಿವರಿಸಿರಿ.
3. ನಿಮ್ಮ ಮನೆಯಲ್ಲಿ ದಿನಕ್ಕೆ ಬೇಯುವ ಅಕ್ಕಿಯನ್ನು ಅಳೆದು, ತಲೆಗೆಷ್ಟೆಂದು ಲೆಕ್ಕ ಹಾಕಿರಿ.
4. ಔಷಧ ಸೇವಿಸುವವರು ಉಪವಾಸಕ್ಕೆ ಮೊದಲು ಏನು ಮಾಡತಕ್ಕದ್ದು?