ತಲೆನೋವು ಬಿಸಿಲಿನದೋ, ಬಾಟಲಿಯದೋ?

ರಾಯಚೂರಿನಲ್ಲಿ ತಲೆ ಸಿಡಿದರೆ ಬಿಸಿಲನ್ನು ದೂರಿ ಸುಮ್ಮನಾಗುತ್ತೇವೆ. ಆದರೆ ನೆಲ ಒರೆಸಿದ ದಿನವೇ ಕೆಮ್ಮು, ಸೊಳ್ಳೆಬತ್ತಿ ಹಚ್ಚಿದ ರಾತ್ರಿಯೇ ಎದೆಬಿಗಿತ, ಸಾಬೂನು ಬದಲಿಸಿದ ವಾರವೇ ಕೈತುರಿಕೆ ಬಂದರೆ ಮನೆಯ ಡಬ್ಬಿ, ಬಾಟಲಿಗಳತ್ತ ಕಣ್ಣು ಹಾಯಿಸಬೇಕು.

ಮೊದಲು ಒಂದು ನೋಟ್‌ಬುಕ್ ಇಡಿ. ಏನು ಬಳಸಿದಿರಿ, ಯಾವಾಗ ತೊಂದರೆ ಶುರುವಾಯಿತು, ಮನೆಯಿಂದ ಹೊರಗೆ ಹೋದಾಗ ಇಳಿಯಿತೇ ಎಂಬುದನ್ನು ಎರಡು ವಾರ ಬರೆಯಿರಿ. ಚರ್ಮದ ಅಲರ್ಜಿ ಒಂದೆರಡು ದಿನ ತಡವಾಗಿ ಕಾಣಿಸಬಹುದು. ಹಾಗಾಗಿ ಹಿಂದಿನ ದಿನಗಳ ಬರಹವೂ ಮುಖ್ಯ. ಆಮೇಲೆ ಅನುಮಾನದ ವಸ್ತುಗಳಲ್ಲಿ ಒಂದನ್ನು ಮಾತ್ರ ನಿಲ್ಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ತೊಂದರೆ ಎಂದು ತಿಳಿಯದು. ವಾಸನೆಯವುಗಳಿಂದ ಆರಂಭಿಸುವುದು ಒಳ್ಳೆಯದು: ಊದಿನಕಡ್ಡಿ, ಫಿನಾಯಿಲ್, ಸೆಂಟು. ಉಸಿರು ಕಟ್ಟಿಸಿದ ವಸ್ತುವನ್ನು ಪರೀಕ್ಷೆಗೆಂದೂ ಮತ್ತೆ ಬಳಸಬೇಡಿ.

ಟಿಕಳಿ ಅಂಟಿಸುವ ಜಾಗ ತುರಿಸಿ ಬೆಳ್ಳಗಾದರೆ ತೊನ್ನೆಂದು ಹೆದರಿ ಹುಡುಗಿಯನ್ನು ಮೂಲೆಗೆ ಕೂರಿಸುವ ಮನೆಗಳಿವೆ. ಟಿಕಳಿಯ ಅಂಟಿನಲ್ಲಿರುವ ಬ್ಯುಟೈಲ್ ಫೀನಾಲ್ ಕೂಡ ಬಣ್ಣ ತೆಗೆಯಬಲ್ಲದು. ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಗೌಂಡಿ ಕೈಗೆ ತಾಗುವ ಸಿಮೆಂಟಿನ ಕ್ರೋಮಿಯಂ ಚರ್ಮಕ್ಕೆ ಅಲರ್ಜಿ ತರಬಲ್ಲವು. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನದ ಬಳಿಕ ನೋಡುವ ಪ್ಯಾಚ್ ಟೆಸ್ಟ್ ಬಗ್ಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ವಾಸನೆಗೆ ಬರುವ ತಲೆನೋವು, ಸುಸ್ತಿಗೆ ಇಂಥ ನಿಖರ ಪರೀಕ್ಷೆ ಇಲ್ಲ. ರಿಪೋರ್ಟು ನಾರ್ಮಲ್ ಬಂದ ಮಾತ್ರಕ್ಕೆ ಹೆಂಡತಿ, ಅತ್ತೆ ನಾಟಕ ಮಾಡುತ್ತಿದ್ದಾರೆ ಎನ್ನಬೇಡಿ.

ಬಚ್ಚಲು ತೊಳೆಯುವಾಗ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದಿಗೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ.

ದೇವದುರ್ಗ, ಮಾನ್ವಿಯ ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳಲ್ಲಿ ಮಾತು ಇನ್ನೂ ಗಂಭೀರ. ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರಿದ್ದರೂ ಕೈಗವಸು ಬೇಕು. ಗಾಳಿಗೆ ಎದುರಾಗಿ ಹೊಡೆಯಬೇಡಿ. ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಹತ್ತಿ ಬಿಡಿಸಲು ಹೆಣ್ಣುಮಕ್ಕಳನ್ನು ಕರೆಯಬೇಡಿ; ಅವರ ಬರಿಗೈಗೆ ಆ ಎಲೆಗಳೇ ತಾಗುವುದು. ಎಣ್ಣೆ ಹೊಡೆಯುವಾಗ ತೊಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕಬಾರದು. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡಲೇಬಾರದು.

ಎಣ್ಣೆ ಹೊಡೆದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಸ್ನಾಯು ಅದುರುವಿಕೆ, ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣಗಾಗುವುದು ಕಂಡರೆ ಅದು ಅಲರ್ಜಿಯಲ್ಲ, ವಿಷಬಾಧೆ. ಮಜ್ಜಿಗೆ ಕುಡಿಸುತ್ತಾ ಕಾಯಬೇಡಿ. ಬಟ್ಟೆ ಕಳಚಿಸಿ, ಸಾಬೂನು ನೀರಿನಿಂದ ಮೈ ತೊಳೆಯಿರಿ, 108ಕ್ಕೆ ಕರೆ ಮಾಡಿ. ಡಬ್ಬಿಯನ್ನು ಚೀಟಿ ಸಮೇತ ಜೊತೆಗೆ ಒಯ್ಯಿರಿ. ಯಾವ ಎಣ್ಣೆ ಎಂದು ಗೊತ್ತಾದರೆ ವೈದ್ಯರು ಅಟ್ರೊಪಿನ್ ಎಂಬ ಮದ್ದು ಬೇಕೋ ಬೇಡವೋ ಎಂದು ಬೇಗ ತೀರ್ಮಾನಿಸುತ್ತಾರೆ.